ದುಡಿದ ಕತ್ತೆಗೆ ವಿಶ್ರಾಂತಿ ವೇತನ

"ಮೂವತ್ತೈದು ವರ್ಷ ಕತ್ತೆ ಚಾಕರಿ ಮಾಡಿದೆ" ಎಂಬ ಮಾತನ್ನು ನಿವೃತ್ತಿಯ ದಿನ ಆಡದ ಸರ್ಕಾರಿ ನೌಕರರು ದೆಹಲಿಯ ಕನ್ನಡಿಗರಲ್ಲಿ ವಿರಳ. ಬೀಳ್ಕೊಡುಗೆಯ ಸಭೆಯಲ್ಲಿ ಕೊರಳಿಗೊಂದು ಹಾರ, ಹೆಗಲಿಗೊಂದು ಶಾಲು, ಮರುತಿಂಗಳಿನಿಂದ ವಿಶ್ರಾಂತಿ ವೇತನ, ಆಗಾಗ ಏರುವ ತುಟ್ಟಿಭತ್ಯೆ, ಮೈ ಕೆಟ್ಟರೆ ಸಿ.ಜಿ.ಎಚ್.ಎಸ್. ಔಷಧಾಲಯ, ಇವೆಲ್ಲವೂ ಅವರಿಗೆ ಸಲ್ಲುತ್ತವೆ, ಸಲ್ಲತಕ್ಕವೇ ಸರಿ. ಆದರೆ ಯಾವ ಪ್ರಾಣಿಯ ಹೆಸರು ಹೇಳಿ ಅವರು ತಮ್ಮ ಸೇವೆಯನ್ನು ಬಣ್ಣಿಸಿಕೊಂಡರೋ ಆ ಪ್ರಾಣಿಗೆ ಕೆಲಸ ಮುಗಿದ ದಿನ ಏನಾಗುತ್ತದೆಂಬ ಪ್ರಶ್ನೆ ಅಂಥ ಸಭೆಗಳಲ್ಲಿ ಏಳುವುದಿಲ್ಲ. ಏಳಬೇಕಾದ ಪ್ರಶ್ನೆಯೇ ಅದು. ಏಕೆಂದರೆ ದೆಹಲಿಯೂ ಅದರ ಸುತ್ತಲಿನ ರಾಜಧಾನಿ ವಲಯವೂ ಎದ್ದು ನಿಂತಿರುವುದು ಬಹುಮಟ್ಟಿಗೆ ಕತ್ತೆ, ಹೇಸರಗತ್ತೆಗಳ ಬೆನ್ನಿನ ಮೇಲೆ.

ರಾಮಕೃಷ್ಣಪುರದ ಸರ್ಕಾರಿ ವಸತಿಗಳಲ್ಲಿ ಬಾಳುವೆ ಆರಂಭಿಸಿದ ಕನ್ನಡ ಕುಟುಂಬಗಳು ಕಾಲಕ್ರಮದಲ್ಲಿ ಮಯೂರ ವಿಹಾರ, ದ್ವಾರಕಾ, ನೊಯಿಡಾ, ಗುರುಗ್ರಾಮಗಳ ಸ್ವಂತ ಮನೆಗಳಿಗೆ ಸ್ಥಳಾಂತರಗೊಂಡಿವೆ. ಆ ಮನೆಗಳ ಗೋಡೆಯ ಇಟ್ಟಿಗೆ ಬಂದುದು ಗಾಜಿಯಾಬಾದ್, ಬಾಗಪತ್, ಝಜ್ಜರ್ ಮುಂತಾದ ಜಿಲ್ಲೆಗಳ ಇಟ್ಟಿಗೆ ಗೂಡುಗಳಿಂದ. ಬಯಲಿನಲ್ಲಿ ಅಚ್ಚು ಹಾಕಿ ಒಣಗಿಸಿದ ಹಸಿ ಇಟ್ಟಿಗೆಯನ್ನು ಗೂಡಿನ ಬಾಯಿಗೆ ತಲುಪಿಸುವ ಕೆಲಸ ಅಲ್ಲಿ ಇಂದಿಗೂ ಅನೇಕ ಕಡೆ ಪ್ರಾಣಿಗಳದು. ಹಳೆಯ ದೆಹಲಿಯ ಗಲ್ಲಿಗಳಲ್ಲಿ, ಲಾರಿಯ ಮಾತಿರಲಿ, ತಳ್ಳುಗಾಡಿಯೂ ತಿರುಗದ ಕಡೆ, ಕೆಡವಿದ ಮನೆಯ ಮಣ್ಣುಗಲ್ಲನ್ನು ಗೋಣಿಯಲ್ಲಿ ತುಂಬಿ ಹೊರಸಾಗಿಸುತ್ತಿದ್ದುದೂ ಕತ್ತೆಯೇ. ಅಗಸನ ಬಟ್ಟೆಗಂಟು, ಕುಂಬಾರನ ಜೇಡಿಮಣ್ಣು, ಅಲೆಮಾರಿ ವ್ಯಾಪಾರಿಯ ಉಪ್ಪು ಹೊರುವ ಕತ್ತೆಯನ್ನು ಊರಿನಲ್ಲಿ ಕಂಡು ಬಂದವರಿಗೆ ರಾಜಧಾನಿಯ ಕತ್ತೆ ಅಪರಿಚಿತವೇನಲ್ಲ. ಹೊರೆ ಮಾತ್ರ ಬೇರೆ.

ಆ ಹೊರೆಗೆ ಕಾನೂನಿನ ಮಿತಿಯುಂಟೆಂಬುದು ಹೆಚ್ಚಿನವರಿಗೆ ತಿಳಿಯದು. 1952ರಲ್ಲಿ ರಾಜ್ಯಸಭೆಯನ್ನು ಪ್ರವೇಶಿಸಿದ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ಪ್ರಾಣಿಹಿಂಸೆಯ ನಿವಾರಣೆಗಾಗಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದರ ಫಲವಾಗಿ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮ ಬಂದಿತು. ಅದರ ಅಡಿಯಲ್ಲಿ 1965ರಲ್ಲಿ ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳಿಗೆ ಪ್ರತ್ಯೇಕ ನಿಯಮಗಳಾದುವು. ಅವುಗಳ ಪ್ರಕಾರ ಕತ್ತೆಯ ಬೆನ್ನಿಗೆ 50 ಕಿಲೋಗ್ರಾಂಗಿಂತ ಹೆಚ್ಚು ಹೇರಕೂಡದು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಉಷ್ಣತೆ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವನ್ನೇ ಮಾಡಿಸಕೂಡದು. ಕಾರಕೂನನ ಕೆಲಸದ ವೇಳೆಗಿಂತಲೂ ಕಟ್ಟುನಿಟ್ಟಾದ ವೇಳಾಪಟ್ಟಿ ಇದು.

ಈಗ ಸ್ವಲ್ಪ ಲೆಕ್ಕ ಮಾಡಬಹುದು. ಒಂದು ಇಟ್ಟಿಗೆಯ ತೂಕ ಸುಮಾರು 3 ಕಿಲೋಗ್ರಾಂ. ಕಾನೂನಿನಂತೆ ಒಂದು ಕತ್ತೆ ಒಂದು ಸಲಕ್ಕೆ ಹೊರಬಹುದಾದುದು ಹದಿನಾರು ಇಟ್ಟಿಗೆ. ಸಾವಿರ ಇಟ್ಟಿಗೆಗೆ ಅರವತ್ತಕ್ಕೂ ಹೆಚ್ಚು ಸುತ್ತು. ಗೂಡಿನಲ್ಲಿ ಕತ್ತೆಯ ಒಡೆಯನಿಗೆ ಕೂಲಿ ಸಿಗುವುದು ದಿನದ ಲೆಕ್ಕದಲ್ಲಲ್ಲ, ಸಾಗಿಸಿದ ಇಟ್ಟಿಗೆಯ ಲೆಕ್ಕದಲ್ಲಿ. ಹದಿನಾರರ ಜಾಗದಲ್ಲಿ ಇಪ್ಪತ್ತೈದು ಹೇರಿದರೆ ಸುತ್ತು ಕಡಿಮೆಯಾಗುತ್ತದೆ, ಸಂಜೆಯ ಹಿಟ್ಟು ಬೇಗ ಮನೆ ಸೇರುತ್ತದೆ. ಇಲ್ಲಿ ಕ್ರೌರ್ಯಕ್ಕಿಂತ ಕೂಲಿಯ ಪದ್ಧತಿಯೇ ಹೆಚ್ಚಿನ ಅಪರಾಧಿ. ಸ್ವತಃ ಸಾಲದಲ್ಲಿರುವ ಒಡೆಯ, ಅವನ ಹೆಂಡತಿ ಮಕ್ಕಳು, ಅವನ ಕತ್ತೆ, ಎಲ್ಲರೂ ಒಂದೇ ಧೂಳನ್ನು ಉಸಿರಾಡುವವರು. ನಿಯಮ ಮೀರಿದರೆ ಶಿಕ್ಷೆಯೇನೆಂದು ಕೇಳಿದರೆ ನಗು ಬರುತ್ತದೆ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡವೇ ಅಧಿನಿಯಮದಲ್ಲಿ ಇಂದಿಗೂ ಉಳಿದಿದೆ. ದೆಹಲಿಯಲ್ಲಿ ಆ ಹಣಕ್ಕೆ ಒಂದು ಮಸಾಲೆ ದೋಸೆಯೂ ದೊರೆಯದು.

ಇನ್ನೊಂದು ವೈಚಿತ್ರ್ಯವಿದೆ. ರಾಜಧಾನಿಯ ಚಳಿಗಾಲದ ಹೊಗೆಮಂಜಿನಿಂದ ಜನರ ಶ್ವಾಸಕೋಶಗಳನ್ನು ಕಾಪಾಡಲೆಂದು, ಈ ವಲಯದಲ್ಲಿ ಗೂಡು ಉರಿಸುವ ಅವಧಿಯನ್ನು ಇತ್ತೀಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಮಾರ್ಚಿನಿಂದ ಜೂನ್‌ವರೆಗಿನ ಬೇಸಗೆಗೆ ಸೀಮಿತಗೊಳಿಸಲಾಗಿದೆ. ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ಕತ್ತೆಯ ದುಡಿಮೆಯೆಲ್ಲ ವರ್ಷದ ಅತಿ ಉರಿಯ ತಿಂಗಳುಗಳಿಗೆ ಬಂದು ಬಿದ್ದಿತು. ಮನುಷ್ಯನ ಉಸಿರಾಟಕ್ಕೆ ಅನುಕೂಲವಾದದ್ದರ ಬೆಲೆಯನ್ನು ಮೇ ತಿಂಗಳ ಮಧ್ಯಾಹ್ನ ಪ್ರಾಣಿಯೊಂದು ತೆರುತ್ತಿದೆಯೆಂಬುದನ್ನು ಯಾವ ಕಡತದಲ್ಲಿಯೂ ಯಾರೂ ಬರೆದಂತಿಲ್ಲ.

ಇಂಥ ದುಡಿಮೆಯ ಕೊನೆಯಲ್ಲಿ ಏನಾಗುತ್ತದೆ? ಒಳ್ಳೆಯ ಆರೈಕೆಯಲ್ಲಿ ಕತ್ತೆ ಮೂವತ್ತು ವರ್ಷವನ್ನು ಸುಲಭವಾಗಿ ದಾಟಬಲ್ಲದು. ಗೂಡಿನ ಕತ್ತೆ ಹತ್ತು ಹದಿನೈದು ವರ್ಷಕ್ಕೇ ಮುದಿಯಾಗುತ್ತದೆ. ಕಾಲು ಮುರಿದರೆ, ಕಣ್ಣು ಹೋದರೆ, ಹಲ್ಲು ಸವೆದರೆ ಅದಕ್ಕೆ ಮೇವು ಹಾಕುವ ಶಕ್ತಿ ಒಡೆಯನಿಗಿಲ್ಲ. ಹಸುವಿಗೆ ಗೋಶಾಲೆಯುಂಟು, ಸೇನೆಯ ಕುದುರೆಗೆ ದಾಖಲೆಯಾದರೂ ಉಂಟು. ಕತ್ತೆಯನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟು ಹೋಗುತ್ತಾರೆ. ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಅಗಿಯುತ್ತ, ರಾತ್ರಿ ವಾಹನಗಳ ದೀಪಕ್ಕೆ ಕಂಗೆಟ್ಟು ನಿಲ್ಲುವ ಈ ಪ್ರಾಣಿಯನ್ನು ನೊಯಿಡಾ, ಫರೀದಾಬಾದುಗಳ ಹೊರವಲಯದಲ್ಲಿ ವಾಸಿಸುವವರು ನೋಡಿಯೇ ಇರುತ್ತಾರೆ.

ಅಂಥ ಪ್ರಾಣಿಗಳಿಗೆ ರಾಜಧಾನಿ ವಲಯದಲ್ಲಿ ಇರುವ ಆಶ್ರಯಗಳು ಬೆರಳೆಣಿಕೆಯವು. ರಾಜಾ ಗಾರ್ಡನ್‌ನಲ್ಲಿ 1980ರಲ್ಲಿ ಮೇನಕಾ ಗಾಂಧಿಯವರು ಸ್ಥಾಪಿಸಿದ ಸಂಜಯ್ ಗಾಂಧಿ ಪ್ರಾಣಿ ಆರೈಕೆ ಕೇಂದ್ರವು ನಾಯಿ, ದನಗಳ ಜೊತೆಗೆ ಕುದುರೆ ಕತ್ತೆಗಳನ್ನೂ ಒಳಗೊಂಡಿದೆ. ಡಿಫೆನ್ಸ್ ಕಾಲೊನಿಯ ಮೇಲ್ಸೇತುವೆಯ ಕೆಳಗೆ 1979ರಲ್ಲಿ ಆರಂಭವಾದ ಫ್ರೆಂಡಿಕೋಸ್ ಸಂಸ್ಥೆಯು ಗುರುಗ್ರಾಮದ ಕಡೆ ಆಶ್ರಯಧಾಮವೊಂದನ್ನು ಇಟ್ಟುಕೊಂಡು, ಗೂಡುಗಳಿಂದ ಬಂದ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಅಲ್ಲಿ ಇಂಬು ಕೊಟ್ಟಿದೆ. 2015ರಲ್ಲಿ ಹಣವಿಲ್ಲದೆ ಈ ಸಂಸ್ಥೆ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತ್ತು. ಸುದ್ದಿ ಹಬ್ಬಿದೊಡನೆ ನಾಗರಿಕರು ಕೊಟ್ಟ ಸಣ್ಣ ಸಣ್ಣ ದೇಣಿಗೆಗಳಿಂದ ಅದು ಉಳಿಯಿತು. ಆಶ್ರಯಧಾಮದ ಬಾಳು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪ್ರವಾಸಕ್ಕೆಂದು ಲೇಹ್‌ಗೆ ಹೋಗುವ ದೆಹಲಿಗರು 2008ರಲ್ಲಿ ಅಲ್ಲಿ ಸ್ಥಾಪಿತವಾದ ಕತ್ತೆಗಳ ಆಶ್ರಯಧಾಮವನ್ನು ನೋಡಿರಬಹುದು; ಬೇಸಗೆಯಲ್ಲಿ ದುಡಿಸಿ ಚಳಿಗಾಲದಲ್ಲಿ ಬೀದಿಗೆ ಬಿಟ್ಟ ಮುದಿ ಕತ್ತೆಗಳಿಗೆ ಅದು ಮನೆ. ಕರ್ನಾಟಕದ ಗಡಿಗೆ ಹತ್ತಿರವಾಗಿ ನೀಲಗಿರಿಯ ಮಾವನಹಳ್ಳದಲ್ಲಿಯೂ ಅಂಥದೊಂದು ಆಶ್ರಯವಿದೆ.

ಈ ವಿಷಯದಲ್ಲಿ ಜಗತ್ತಿಗೆ ಮೇಲ್ಪಂಕ್ತಿಯಾದುದು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಎಲಿಜಬೆತ್ ಸ್ವೆಂಡ್‌ಸನ್ ಎಂಬ ಮಹಿಳೆ 1969ರಲ್ಲಿ ಆರಂಭಿಸಿದ ಡಾಂಕಿ ಸ್ಯಾಂಕ್ಚುಯರಿ. ಒಮ್ಮೆ ಒಳಗೆ ಬಂದ ಕತ್ತೆಗೆ ಬದುಕಿರುವವರೆಗೆ ಆರೈಕೆ ಎಂಬುದು ಅದರ ವ್ರತ. ಅದೇ ಸಂಸ್ಥೆ ಭಾರತಕ್ಕೆ ಬಂದಾಗ, ಡೆವನ್ನಿನ ಹುಲ್ಲುಗಾವಲನ್ನು ಇಲ್ಲಿ ನಕಲು ಮಾಡಲು ಹೊರಡದೆ, ಪಶುವೈದ್ಯರನ್ನು ವಾಹನದಲ್ಲಿ ಕೂರಿಸಿ ದೆಹಲಿಯ ಸುತ್ತಲಿನ ಗೂಡುಗಳಿಗೆ ಕಳುಹಿಸಿತು. ಡಾರತಿ ಬ್ರೂಕ್ ಎಂಬಾಕೆ 1934ರಲ್ಲಿ ಕೈರೋ ನಗರದಲ್ಲಿ ಯುದ್ಧದ ಹಳೆಯ ಕುದುರೆಗಳಿಗಾಗಿ ತೆರೆದ ಆಸ್ಪತ್ರೆಯಿಂದ ಬೆಳೆದ ಬ್ರೂಕ್ ಸಂಸ್ಥೆಯೂ ಭಾರತದಲ್ಲಿ ಇದೇ ಮಾರ್ಗ ಹಿಡಿಯಿತು. ಇದು ವಿವೇಕದ ನಿರ್ಧಾರವೆಂದೇ ಹೇಳಬೇಕು. ಒಂದು ಆಶ್ರಯಧಾಮ ನೂರು ಕತ್ತೆಗಳನ್ನು ಸಾಕಿದರೆ ಹೆಚ್ಚು. ಒಂದು ಸಂಚಾರಿ ಚಿಕಿತ್ಸಾಲಯ ವರ್ಷದಲ್ಲಿ ಸಾವಿರಾರು ಬೆನ್ನುಗಳ ಹುಣ್ಣನ್ನು ತೊಳೆಯಬಲ್ಲದು. ಆದರೆ ಚಿಕಿತ್ಸಾಲಯದ ವೈದ್ಯ "ಇದು ಇನ್ನು ದುಡಿಯಲಾರದು" ಎಂದು ಹೇಳಿದ ಗಳಿಗೆಯಲ್ಲಿ ಆ ಒಂದು ಕತ್ತೆಗೆ ಹೋಗಲು ಸ್ಥಳವೊಂದು ಬೇಕು. ಸರ್ಕಾರಿ ನೌಕರನಿಗೆ ಔಷಧಾಲಯವೂ ಬೇಕು, ವಿಶ್ರಾಂತಿ ವೇತನವೂ ಬೇಕು. ಒಂದು ಇದೆಯೆಂದು ಇನ್ನೊಂದನ್ನು ಯಾರೂ ಬಿಟ್ಟುಕೊಡರು.

ಆಶ್ರಯಧಾಮದ ಒಳಗಿನ ಕೆಲಸವನ್ನು ಕೇವಲ ಹುಲ್ಲು ನೀರು ಹಾಕುವುದೆಂದು ತಿಳಿದವರು ಬಹಳ. ವಾಸ್ತವವಾಗಿ ಅದು ವೃದ್ಧರ ಆಸ್ಪತ್ರೆಯ ಕೆಲಸಕ್ಕೆ ಸಮಾನ. ಮೊದಲನೆಯದಾಗಿ, ಕತ್ತೆ ನೋವನ್ನು ತೋರಗೊಡದ ಪ್ರಾಣಿ. ಕುದುರೆ ಹೊಟ್ಟೆನೋವಿಗೆ ನೆಲದ ಮೇಲೆ ಹೊರಳಾಡುತ್ತದೆ. ಕತ್ತೆ ಅದೇ ನೋವಿಗೆ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ. ಈ ಸಹನೆಯನ್ನೇ ಮಂದಬುದ್ಧಿಯೆಂದು ಲೋಕ ಭಾವಿಸಿತು. ಅನುಭವಿಯಾದ ಪರಿಚಾರಕನು ಕತ್ತೆ ಬೆಳಗಿನ ಮೇವನ್ನು ಎಷ್ಟು ಬಿಟ್ಟಿತು, ಕಿವಿ ಹೇಗೆ ಇಟ್ಟುಕೊಂಡಿದೆ, ಗುಂಪಿನಿಂದ ಎಷ್ಟು ದೂರ ನಿಂತಿದೆ ಎಂಬುದರ ಮೇಲೆ ರೋಗವನ್ನು ಊಹಿಸುತ್ತಾನೆ. ಮೇವು ಬಿಟ್ಟ ಕತ್ತೆಯನ್ನು "ನಾಳೆ ತಿಂದೀತು" ಎಂದು ಬಿಡುವಂತಿಲ್ಲ. ಉಪವಾಸವಾದೊಡನೆ ಅದರ ಮೈಯ ಕೊಬ್ಬು ಕರಗಿ ರಕ್ತದಲ್ಲಿ ತುಂಬಿ, ಪಿತ್ತಜನಕಾಂಗವನ್ನು ಕೆಡಿಸಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ರಕ್ತದ ಕೊಬ್ಬಿನ ಪರೀಕ್ಷೆಗೆ ವರ್ಷಕ್ಕೊಮ್ಮೆ ಹೋಗುವ ಮಧ್ಯವಯಸ್ಕರಿಗೆ ಇದು ಅರ್ಥವಾಗದ ಮಾತಲ್ಲ. ವ್ಯತ್ಯಾಸವೆಂದರೆ ಮನುಷ್ಯನಿಗೆ ಅದು ತಿಂದು ಬರುವ ರೋಗ, ಕತ್ತೆಗೆ ತಿನ್ನದೆ ಬರುವ ರೋಗ.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ರೋಗಕ್ಕೆ ದುಃಖವೂ ಒಂದು ಕಾರಣ. ಕತ್ತೆಗಳು ಜೊತೆಗಾರನನ್ನು ಆರಿಸಿಕೊಂಡು ವರ್ಷಗಟ್ಟಲೆ ಒಟ್ಟಿಗೆ ಬಾಳುತ್ತವೆ. ಜೊತೆಗಾರ ಸತ್ತರೆ ಅಥವಾ ಅಗಲಿಸಿದರೆ ಉಳಿದುದು ಮೇವು ಬಿಡುತ್ತದೆ. ಆದಕಾರಣ ಬಲ್ಲ ಆಶ್ರಯಧಾಮಗಳು ಜೊತೆಯಾಗಿ ಬಂದ ಕತ್ತೆಗಳನ್ನು ಬೇರ್ಪಡಿಸುವುದಿಲ್ಲ. ಒಂದಕ್ಕೆ ಚಿಕಿತ್ಸೆಯಾದರೆ ಇನ್ನೊಂದನ್ನೂ ಪಕ್ಕದಲ್ಲಿ ಕಟ್ಟುತ್ತವೆ. ಒಂದು ಸತ್ತಾಗ, ಉಳಿದುದು ಅದನ್ನು ಮೂಸಿ ನೋಡಿ ಅರಿತುಕೊಳ್ಳುವವರೆಗೆ ಹೆಣವನ್ನು ತೆಗೆಯುವುದಿಲ್ಲ. ಕತ್ತೆಯ ಬುದ್ಧಿಯ ಬಗ್ಗೆ ಗಾದೆ ಕಟ್ಟಿದವರು ಈ ದೃಶ್ಯವನ್ನು ನೋಡಿರಲಿಕ್ಕಿಲ್ಲ.

ಬೆನ್ನಿನ ಹುಣ್ಣು, ಗೊರಸಿನ ಕೊಳೆತ, ಜಂತುಹುಳು, ಇವು ನಿತ್ಯದ ಕೆಲಸ. ಬೆನ್ನಿನ ಹುಣ್ಣಿಗೆ ಮುಲಾಮಿಗಿಂತ ಮುಖ್ಯವಾದುದು ತಡಿ. ಹತ್ತಿ ಅಥವಾ ಹುಲ್ಲು ತುಂಬಿದ ದಪ್ಪ ತಡಿಯನ್ನು ಬೆನ್ನುಮೂಳೆಗೆ ಒತ್ತದಂತೆ ಹೊಲಿದರೆ ಅರ್ಧ ರೋಗ ಬಾರದು. ಮೆತ್ತನೆಯ ನೆಲದಲ್ಲಿ ಗೊರಸು ಸವೆಯದೆ ಬೆಳೆದು ಮುಂದಕ್ಕೆ ಬಾಗುವುದರಿಂದ, ಅದನ್ನು ಆರೆಂಟು ವಾರಗಳಿಗೊಮ್ಮೆ ಕತ್ತರಿಸಿ ಸಮ ಮಾಡಬೇಕು. ಮುದಿ ಕತ್ತೆಯ ಹಲ್ಲಿನ ಅಂಚನ್ನು ಅರದಿಂದ ಉಜ್ಜಬೇಕು, ಅದಕ್ಕೆ ನೆನೆಸಿದ ಮೆತ್ತನೆಯ ಮೇವು ಕೊಡಬೇಕು. ಇಲ್ಲೊಂದು ಸಣ್ಣ ಎಚ್ಚರಿಕೆ: ಕನ್ನಡಿಗರಿಗೆ ಬೂಸಾ ಎಂದರೆ ಧಾನ್ಯದ ಹೊಟ್ಟು, ತವುಡು, ಹಿಂದಿಯವರ ಭೂಸಾ ಎಂದರೆ ಗೋಧಿಯ ಒಣಹುಲ್ಲಿನ ಚೂರು. ಕತ್ತೆಗೆ ಪಥ್ಯವಾದುದು ಎರಡನೆಯದು. ಮರುಭೂಮಿಯ ಮೂಲದ ಈ ಪ್ರಾಣಿ ಒರಟು ಮೇವಿನಲ್ಲಿ ಬಾಳಲು ಹುಟ್ಟಿದುದು. ಪುಣ್ಯ ಬರಲೆಂದು ಯಾರಾದರೂ ಚೀಲಗಟ್ಟಲೆ ಧಾನ್ಯ, ಬೆಲ್ಲ, ಹಬ್ಬದ ಪೂರಿ ತಂದು ಸುರಿದರೆ ಅದರ ಹೊಟ್ಟೆ ಕೆಡುತ್ತದೆ, ಗೊರಸಿನೊಳಗೆ ಉರಿಯೇಳುತ್ತದೆ. ದಾನದಲ್ಲಿಯೂ ಪಥ್ಯ ಬೇಕು.

ಸೋಂಕಿನ ಮಾತು ಬೇರೆ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಹರಡಬಲ್ಲದು. 1899ರಷ್ಟು ಹಿಂದೆಯೇ ಅದರ ವಿರುದ್ಧ ಈ ದೇಶದಲ್ಲಿ ಶಾಸನವಾಗಿತ್ತೆಂದರೆ ಅದರ ಭಯವನ್ನು ಊಹಿಸಬಹುದು. ಅದಕ್ಕೆ ಲಸಿಕೆಯಿಲ್ಲ, ರೋಗ ದೃಢಪಟ್ಟ ಪ್ರಾಣಿಯನ್ನು ಕಾನೂನಿನಂತೆ ಕೊನೆಗಾಣಿಸಬೇಕಾಗುತ್ತದೆ. 2018ರಲ್ಲಿ ದೆಹಲಿಯ ಕುದುರೆಗಳಲ್ಲಿ ಅದು ಕಾಣಿಸಿಕೊಂಡಾಗ ಪ್ರಾಣಿಗಳ ಸಾಗಾಟಕ್ಕೇ ನಿರ್ಬಂಧ ಬಿದ್ದಿತ್ತು. ಅದೃಷ್ಟಕ್ಕೆ, ರಕ್ತಪರೀಕ್ಷೆಗೆ ಬಹುದೂರ ಹೋಗಬೇಕಿಲ್ಲ. ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಪಕ್ಕದ ಹರಿಯಾಣದ ಹಿಸಾರ್‌ನಲ್ಲಿಯೇ ಇದೆ. ಹೊಸದಾಗಿ ಬಂದ ಕತ್ತೆಯನ್ನು ಪರೀಕ್ಷೆಯ ಫಲ ತಿಳಿಯುವವರೆಗೆ ಬೇರೆಯಾಗಿ ಇಡುವುದು ಆಶ್ರಯಧಾಮದ ಮೊದಲ ನಿಯಮವಾಗಬೇಕು. ಅನುಕಂಪದ ಆತುರದಲ್ಲಿ ನೇರವಾಗಿ ಹಿಂಡಿನೊಳಗೆ ಬಿಟ್ಟರೆ ಒಂದನ್ನು ಉಳಿಸಲು ಹೋಗಿ ಐವತ್ತನ್ನು ಕಳೆದುಕೊಳ್ಳುವ ಅಪಾಯವಿದೆ. ಧನುರ್ವಾಯುವಿನ ವಿಷಯದಲ್ಲಿ ಮಾತ್ರ ಹೆದರಬೇಕಾದ ಕಾರಣವಿಲ್ಲ. ಮೊಳೆ ಚುಚ್ಚಿದ ಗೊರಸಿನಿಂದ ಕತ್ತೆಗೂ, ಮೊಳೆ ಚುಚ್ಚಿದ ಪಾದದಿಂದ ಮನುಷ್ಯನಿಗೂ ಬರುವ ಈ ರೋಗವನ್ನು ಅಗ್ಗದ ಚುಚ್ಚುಮದ್ದು ತಡೆಯುತ್ತದೆ. ಸಿಗದೆ ಹೋಗುವುದು ಔಷಧವಲ್ಲ, ಅದನ್ನು ಗೂಡಿನವರೆಗೆ ಒಯ್ಯುವ ಕೈ.

"ಮನುಷ್ಯರಿಗೇ ಗತಿಯಿಲ್ಲದಿರುವಾಗ ಕತ್ತೆಗಳಿಗೆ ಆಶ್ರಯವೇ?" ಎಂಬ ಆಕ್ಷೇಪ ಹೊಸದಲ್ಲ. ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ಸುಲಭ, ಆದರೆ ಹುರುಳಿದೆ. ಗೂಡಿನ ಮಗುವಿಗೆ ಶಾಲೆಯಿಲ್ಲದಿರುವಾಗ ಗೂಡಿನ ಕತ್ತೆಗೆ ಮಾತ್ರ ಹುಲ್ಲುಗಾವಲು ಕೇಳುವವನು ಉತ್ತರ ಹೇಳಬೇಕಾಗುತ್ತದೆ. ಉತ್ತರವಿರುವುದು ಒಡೆಯನಲ್ಲಿಯೇ. ಕತ್ತೆ ಒಂದು ವಾರ ಮಲಗಿದರೆ ಆ ವಾರ ಅವನ ಒಲೆ ಹೊತ್ತದು. ಕತ್ತೆಯ ಬೆನ್ನಿನ ಹುಣ್ಣಿಗೆ ಹಚ್ಚಿದ ಔಷಧ ಆ ಮನೆಯ ಅನ್ನಕ್ಕೂ ಹಚ್ಚಿದಂತೆ. ಮುದಿ ಕತ್ತೆಯ ಮೇವಿನ ಭಾರ ಇಳಿದರೆ, ಅವನು ಅದನ್ನು ಕೊನೆಯುಸಿರಿನವರೆಗೆ ದುಡಿಸುವ ಅಥವಾ ರಸ್ತೆಗೆ ಬಿಡುವ ಪಾಪದಿಂದ ಪಾರಾಗುತ್ತಾನೆ. ಆದ್ದರಿಂದ ಕೋಲು ಹಿಡಿದು, ಪೊಲೀಸರನ್ನು ಕರೆದು, ಕತ್ತೆಯನ್ನು ಕಿತ್ತುಕೊಂಡು ಬರುವ ಉತ್ಸಾಹಿಗಳ ಬಗೆಗೆ ಸ್ವಲ್ಪ ಸಂಶಯವಿಡುವುದು ಒಳ್ಳೆಯದು. ಹಿಂಸೆ ವಿಪರೀತವಾದಲ್ಲಿ ನ್ಯಾಯಾಲಯದ ಮೂಲಕ ಪ್ರಾಣಿಯನ್ನು ಆರೈಕೆಯ ಸ್ಥಳಕ್ಕೆ ಒಪ್ಪಿಸಲು 1960ರ ಅಧಿನಿಯಮದಲ್ಲಿಯೇ ಅವಕಾಶವಿದೆ. ಉಳಿದಂತೆ, ಕಿತ್ತುಕೊಂಡ ಕತ್ತೆಯ ಜಾಗಕ್ಕೆ ಸಾಲ ಮಾಡಿ ಇನ್ನೊಂದು ಎಳೆಯ ಕತ್ತೆ ಬರುತ್ತದೆ; ಸಾಲ ತೀರಿಸಲು ಅದರ ಮೇಲೆ ಇನ್ನೂ ಹೆಚ್ಚು ಹೊರೆ ಬೀಳುತ್ತದೆ. ಒಡೆಯನೇ ಹಗ್ಗ ಹಿಡಿದು ಆಶ್ರಯಧಾಮದ ಬಾಗಿಲಿಗೆ ಬಂದು ಒಪ್ಪಿಸಿ ಹೋಗುವಂತಾಗಬೇಕು. ಹಾಗೆ ಬಂದವನಿಗೆ ಬೈಗುಳ ಸಿಗಬಾರದು.

"ಯಂತ್ರಗಳು ಬಂದಿವೆ, ಕತ್ತೆಗಳೇ ಮುಗಿಯುತ್ತಿವೆ, ಸಮಸ್ಯೆ ತಾನಾಗಿ ತೀರುತ್ತದೆ" ಎಂಬುದು ಇನ್ನೊಂದು ವಾದ. ಸಂಖ್ಯೆ ಇಳಿದುದು ನಿಜ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3 ಲಕ್ಷ 20 ಸಾವಿರದಷ್ಟಿದ್ದ ಕತ್ತೆಗಳು 2019ರ ಗಣತಿಗೆ 1 ಲಕ್ಷ 20 ಸಾವಿರದಷ್ಟಕ್ಕೆ ಇಳಿದವು; ಏಳು ವರ್ಷಗಳಲ್ಲಿ ಶೇಕಡಾ 61ರಷ್ಟು ಇಳಿತ. ಕರ್ನಾಟಕದಲ್ಲಿ ಉಳಿದವು ಸುಮಾರು 9 ಸಾವಿರ. ಆದರೆ ಇಳಿದ ಎರಡು ಲಕ್ಷ ಎಲ್ಲಿ ಹೋದವು? ಎಲ್ಲವೂ ವಯಸ್ಸಾಗಿ ನೆಮ್ಮದಿಯಿಂದ ಸತ್ತವೆಂದು ನಂಬುವುದು ಕಷ್ಟ. ಚೀನದಲ್ಲಿ ಕತ್ತೆಯ ಚರ್ಮವನ್ನು ಕುದಿಸಿ ತೆಗೆದ ಅಂಟಿನಿಂದ ಎಜಿಯಾವೋ ಎಂಬ ಔಷಧ ತಯಾರಾಗುತ್ತದೆ. ರಕ್ತವೃದ್ಧಿಗೆ, ಚೆಲುವಿಗೆ ಅದು ದಿವ್ಯೌಷಧವೆಂಬ ನಂಬಿಕೆಯಿಂದ ಜಗತ್ತಿನಾದ್ಯಂತ ಪ್ರತಿವರ್ಷ ಲಕ್ಷಗಟ್ಟಲೆ ಕತ್ತೆಗಳು ಕೊಲೆಯಾಗುತ್ತಿವೆ. ಭಾರತದಿಂದಲೂ ಕತ್ತೆ ಮತ್ತು ಚರ್ಮ ಕಳ್ಳಸಾಗಣೆಯಾಗುತ್ತಿರುವುದನ್ನು ಬ್ರೂಕ್ ಸಂಸ್ಥೆಯ ಭಾರತ ಶಾಖೆ 2022ರಲ್ಲಿ ತನಿಖೆ ನಡೆಸಿ ಬಯಲಿಗೆ ತಂದಿತು. ಆಫ್ರಿಕದ ದೇಶಗಳ ಒಕ್ಕೂಟವು 2024ರ ಫೆಬ್ರವರಿಯಲ್ಲಿ ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ಇಡೀ ಖಂಡದಲ್ಲಿ ನಿಷೇಧಿಸಲು ನಿರ್ಧರಿಸಿದೆ. ಅಲ್ಲಿ ಬಾಗಿಲು ಮುಚ್ಚಿದರೆ ವ್ಯಾಪಾರಿಯ ಕಣ್ಣು ಎತ್ತ ಹೊರಳೀತೆಂಬುದನ್ನು ದೆಹಲಿಯ ಅಧಿಕಾರಿಗಳು ಯೋಚಿಸಬೇಕು. ಒಡೆಯನಿಗೆ ಬೇಡವಾದ ಕತ್ತೆ ಆಶ್ರಯಧಾಮಕ್ಕೆ ಹೋಗದಿದ್ದರೆ ಅದನ್ನು ಕೊಳ್ಳಲು ಬೇರೆ ಗಿರಾಕಿ ಇದ್ದಾನೆ.

ಕನ್ನಡ ನಾಡಿನಲ್ಲಿ ಕತ್ತೆಯ ಸ್ಥಾನ ಎಂದಿಗೂ ವಿಚಿತ್ರವೇ. ಬೈಯಲು ಕತ್ತೆ ಬೇಕು. ಮಳೆ ಬಾರದಿದ್ದರೆ ಊರವರು ಸೇರಿ ಅದಕ್ಕೇ ಬಾಸಿಂಗ ಕಟ್ಟಿ ಮದುವೆ ಮಾಡುತ್ತಾರೆ. ಅದರ ಚಿತ್ರವನ್ನು ಅದೃಷ್ಟಕ್ಕೆಂದು ಅಂಗಡಿಯ ಗೋಡೆಗೆ ತೂಗುಹಾಕುತ್ತಾರೆ. ವಾಟಾಳ್ ನಾಗರಾಜರ ಪ್ರತಿಭಟನೆಗಳಲ್ಲಿ ಅದು ಬೆಂಗಳೂರಿನ ರಾಜಬೀದಿಯಲ್ಲಿ ಮೆರೆದುದನ್ನೂ ಜನ ಕಂಡಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಹಸುಗೂಸಿಗೆ ಕೆಮ್ಮು ದಮ್ಮು ಬಾರದಿರಲೆಂದು ಬೀದಿಯಲ್ಲಿ ಬಂದ ಹೆಣ್ಣುಗತ್ತೆಯ ಹಾಲನ್ನು ಒಳಲೆಯಲ್ಲಿ ಕುಡಿಸುವ ರೂಢಿ ಇನ್ನೂ ಅಳಿದಿಲ್ಲ. ಬಾಣಂತನಕ್ಕೆಂದು ಊರಿಗೆ ಹೋದ ದೆಹಲಿಯ ಹೆಣ್ಣುಮಕ್ಕಳಿಗೆ ಅಜ್ಜಿಯರು ಇದನ್ನು ಶಿಫಾರಸು ಮಾಡುವುದುಂಟು. ಕತ್ತೆಯ ಹಾಲಿನಲ್ಲಿ ಕೊಬ್ಬು ಕಡಿಮೆ, ಸಕ್ಕರೆ ಹೆಚ್ಚು, ರಚನೆಯಲ್ಲಿ ತಾಯಿಯ ಹಾಲಿಗೆ ಹಸುವಿನ ಹಾಲಿಗಿಂತ ಹತ್ತಿರವೆಂಬುದು ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಅನಾಥ ಶಿಶುಗಳ ಆಸ್ಪತ್ರೆಯೊಂದರಲ್ಲಿ ಕೂಸುಗಳನ್ನು ನೇರವಾಗಿ ಹೆಣ್ಣುಗತ್ತೆಯ ಕೆಚ್ಚಲಿಗೇ ಹಿಡಿದು ಹಾಲೂಡಿಸಿದುದೂ ಉಂಟು. ಆದರೆ ಬೀದಿಯಲ್ಲಿ ಕರೆದ ಕಾಯಿಸದ ಹಾಲಿನಲ್ಲಿ ಯಾವ ರೋಗಾಣು ಇದೆಯೆಂದು ಕಣ್ಣಿಗೆ ಕಾಣದು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಅಜ್ಜಿಯರಿಗೆ ವಿನಯದಿಂದಲೇ ತಿಳಿಸಬಹುದು. ದಿನಕ್ಕೆ ಒಂದು ಲೀಟರು ಮೀರದ ಆ ಹಾಲಿನ ಹಕ್ಕುದಾರ ಪಕ್ಕದಲ್ಲಿ ಕಟ್ಟಿಹಾಕಿದ ಕತ್ತೆಮರಿ.

ಇತ್ತೀಚೆಗೆ ಈ ಹಾಲಿಗೆ ಹೊಸ ಗೀಳು ಹತ್ತಿದೆ. ಲೀಟರಿಗೆ ಸಾವಿರಗಟ್ಟಲೆ ರೂಪಾಯಿ ಬೆಲೆಯೆಂದು ಕೇಳಿ ಕತ್ತೆ ಸಾಕಲು ಹೊರಟವರು ಹಲವರು. 2024ರಲ್ಲಿ ಹೊಸಪೇಟೆಯಲ್ಲಿ, ಹಾಲನ್ನು ತಾನೇ ಕೊಳ್ಳುವೆನೆಂದು ನಂಬಿಸಿ ರೈತರಿಗೆ ಲಕ್ಷಗಟ್ಟಲೆ ಹಣಕ್ಕೆ ಕತ್ತೆಗಳನ್ನು ಕೊಟ್ಟ ಸಂಸ್ಥೆಯೊಂದರ ಮೇಲೆ ವಂಚನೆಯ ದೂರು ದಾಖಲಾಯಿತು. ಹಣ ಕಳೆದುಕೊಂಡ ರೈತರ ಗೋಳು ಪತ್ರಿಕೆಗಳಲ್ಲಿ ಬಂದಿತು, ನ್ಯಾಯವೇ. ಹಾಲು ಕೊಳ್ಳುವವರಿಲ್ಲದೆ ಅವರ ಕೊಟ್ಟಿಗೆಯಲ್ಲಿ ಉಳಿದ ಕತ್ತೆಗಳ ಮುಂದಿನ ಕಥೆಯನ್ನು ಯಾರೂ ಕೇಳಲಿಲ್ಲ. ಬೇಡವಾದ ಕತ್ತೆ ಇಟ್ಟಿಗೆ ಗೂಡಿನಿಂದ ಮಾತ್ರ ಬರುವುದಿಲ್ಲ, ದುರಾಸೆಯ ಯೋಜನೆಗಳಿಂದಲೂ ಬರುತ್ತದೆ.

ಇಷ್ಟರ ಮೇಲೆ ದೆಹಲಿಯ ಕನ್ನಡಿಗರು ಏನು ಮಾಡಬಹುದು? ಹೊಸದೊಂದು ಆಶ್ರಯಧಾಮ ತೆರೆಯಲು ಹೊರಡುವುದು ಬೇಡ; ಉತ್ಸಾಹದಲ್ಲಿ ತೆರೆದು ಮೂರನೆಯ ವರ್ಷ ಮುಚ್ಚಿದ ಆಶ್ರಯಕ್ಕಿಂತ ಕ್ರೂರವಾದುದು ಇನ್ನೊಂದಿಲ್ಲ, ಏಕೆಂದರೆ ಅಲ್ಲಿನ ಪ್ರಾಣಿಗಳು ಎರಡನೆಯ ಸಲ ಬೀದಿಗೆ ಬೀಳುತ್ತವೆ. ಇರುವ ಸಂಸ್ಥೆಗಳಲ್ಲಿ ಒಂದೆರಡು ಮುದಿ ಕತ್ತೆಗಳ ವರ್ಷದ ಮೇವಿನ ವೆಚ್ಚವನ್ನು ಒಂದು ಸಂಘ ಹೊರಬಹುದು. ಮಕ್ಕಳ ಹುಟ್ಟುಹಬ್ಬಕ್ಕೆ ಸುರಿದ ಪೂರಿಗಿಂತ ತಿಂಗಳಿಗೊಮ್ಮೆ ತಪ್ಪದೆ ಹೋಗುವ ಒಣಹುಲ್ಲಿನ ಹಣ ಹೆಚ್ಚು ಉಪಯುಕ್ತ. ಮನೆ ದುರಸ್ತಿ ಮಾಡಿಸುವವರು, ವಸತಿ ಸಂಘಗಳ ಕಾರ್ಯದರ್ಶಿಗಳು, ಮಣ್ಣು ಸಾಗಿಸಲು ಗುತ್ತಿಗೆದಾರ ಕತ್ತೆ ಕರೆತಂದರೆ 50 ಕಿಲೋಗ್ರಾಂ ಮತ್ತು ಮಧ್ಯಾಹ್ನದ ಮೂರು ಗಂಟೆಗಳ ನಿಯಮವನ್ನು ಕರಾರಿನಲ್ಲಿಯೇ ಬರೆಸಬಹುದು. ಬಾಗಿಲಲ್ಲಿ ಒಂದು ತೊಟ್ಟಿ ಶುದ್ಧವಾದ ನೀರು ಇಡಿಸಬಹುದು. ಕೊಳಕು ನೀರನ್ನು ಕತ್ತೆ ಬಾಯಾರಿ ಬಳಲಿದರೂ ಮೂಸಿ ಬಿಟ್ಟುಬಿಡುತ್ತದೆ.

ರಾಜಧಾನಿಯ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುವುದು ವಾಡಿಕೆ. ಕನ್ನಡಿಗ ವೈದ್ಯರು ಒಂದು ಭಾನುವಾರ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ನೋಡಿಸಿಕೊಳ್ಳುವವರು ಬಹುತೇಕ ಆಗಲೇ ಬೇರೆಡೆ ನೋಡಿಸಿಕೊಂಡವರೇ. ವರ್ಷದಲ್ಲಿ ಒಂದು ಭಾನುವಾರವನ್ನು ಗಾಜಿಯಾಬಾದಿನ ಕಡೆಯ ಇಟ್ಟಿಗೆ ಗೂಡೊಂದಕ್ಕೆ ಮೀಸಲಿಡುವುದಾದರೆ, ಒಂದು ಮರದ ಕೆಳಗೆ ಮನುಷ್ಯರ ವೈದ್ಯರು ಕೆಲಸಗಾರರನ್ನೂ ಅವರ ಮಕ್ಕಳನ್ನೂ ನೋಡಬಹುದು, ಪಕ್ಕದ ಮರದ ಕೆಳಗೆ ಸಂಚಾರಿ ಚಿಕಿತ್ಸಾಲಯದ ಪಶುವೈದ್ಯರು ಕತ್ತೆಗಳನ್ನು ನೋಡಬಹುದು. ಧನುರ್ವಾಯುವಿನ ಚುಚ್ಚುಮದ್ದು ಒಡೆಯನಿಗೂ ಕತ್ತೆಗೂ ಅದೇ ದಿನ ಆಗುತ್ತದೆ. ಇನ್ನು ದುಡಿಯಲಾಗದ ಕತ್ತೆ ಯಾವುದೆಂದು ಅಲ್ಲಿಯೇ ತೀರ್ಮಾನವಾಗಿ, ಒಡೆಯನ ಒಪ್ಪಿಗೆಯಿಂದ ಆಶ್ರಯಧಾಮದ ವಾಹನ ಹತ್ತಬಹುದು. ಅದರ ಮೇವಿನ ಹಣವನ್ನು ಸಂಘ ವಹಿಸಿಕೊಂಡಿದ್ದರೆ ಆಶ್ರಯಧಾಮದವರೂ ಹಿಂದೆಗೆಯಲಾರರು. ಶಿಬಿರವನ್ನು ದೀಪಾವಳಿಯ ನಂತರವೆಂದು ಮುಂದೂಡಿದರೆ ಗೂಡಿನಲ್ಲಿ ಯಾರೂ ಸಿಗರು. ಮಳೆ ಬೀಳುವ ಮುನ್ನವೇ ಬೆಂಕಿ ಆರಿ, ಒಡೆಯರು ಕತ್ತೆಗಳನ್ನು ಹೊಡೆದುಕೊಂಡು ಊರು ಸೇರಿರುತ್ತಾರೆ. ದಿನಾಂಕ ಗೊತ್ತುಮಾಡುವುದಿದ್ದರೆ ಅದು ಏಪ್ರಿಲ್ ತಿಂಗಳಾಗಲಿ, ಬೆಳಗಿನ ಆರು ಗಂಟೆಗೆ.